ನೀರಿಗೆ ಬಿದ್ದ ಎಷ್ಟು ಸೆಕೆಂಡಿಗೆ ಅಲಾರಂ ಕೂಗುತ್ತದೆ?

ಪ್ರಶ್ನೆ: ನಮ್ಮದು 7 ಮೀಟರ್ ಉದ್ದದ ಫೈಬರ್ ಮೋಟಾರ್ ದೋಣಿ. ಮುಂದೆ ಚಿಕ್ಕ ಕ್ಯಾಬಿನ್, ಹಿಂದೆ ಒಂದು ಔಟ್‌ಬೋರ್ಡ್ ಎಂಜಿನ್. ರಜೆ ಬಂತೆಂದರೆ ನಾನು, ಹೆಂಡತಿ, 7 ವರ್ಷದ ಮಗ, 4 ವರ್ಷದ ಮಗಳು, ಜೊತೆಗೆ 18 ಕಿಲೋ ತೂಗುವ ನಾಯಿ, ಎಲ್ಲರೂ ಹೊರಡುತ್ತೇವೆ. ಹೆಚ್ಚಾಗಿ ಉಪ್ಪುನೀರಿನಲ್ಲೇ ಓಡಾಟ, ಒಮ್ಮೊಮ್ಮೆ ರಾತ್ರಿ ಲಂಗರು ಹಾಕಿ ಅಲ್ಲೇ ಮಲಗುತ್ತೇವೆ. ಯಾರಾದರೂ ನೀರಿಗೆ ಬಿದ್ದರೆ ಕೂಗುವ ಅಲಾರಂ ಹಾಕಿಸಬೇಕೆಂದಿದ್ದೇವೆ. ಕೈಗೆ ಕಟ್ಟುವ ಪಟ್ಟಿ, ಜಾಕೆಟ್ಟಿಗೆ ಸಿಕ್ಕಿಸುವ ಟ್ಯಾಗ್, ಮೊಬೈಲ್ ಆ್ಯಪ್, ಇವುಗಳಲ್ಲಿ ಯಾವುದು ಸರಿ? ನಾಯಿಗೂ ಅದೇ ಆಗುತ್ತದೆಯೇ? ಮಗು ಬಿದ್ದೊಡನೆ ಎಂಜಿನ್ ತಾನಾಗಿ ನಿಲ್ಲುವ ಹಾಗೆ ಮಾಡಬಹುದೇ?

ಉತ್ತರ: ಯಾವುದನ್ನು ಕೊಳ್ಳಬೇಕು ಎನ್ನುವುದಕ್ಕೆ ಮುಂಚೆ ಒಂದು ಲೆಕ್ಕ ನೋಡಿ. 6 ನಾಟ್ ವೇಗದಲ್ಲಿ ದೋಣಿ ಸೆಕೆಂಡಿಗೆ ಸುಮಾರು 3 ಮೀಟರ್ ಸಾಗುತ್ತದೆ. ಅಲಾರಂ 8 ಸೆಕೆಂಡ್ ತಡವಾಗಿ ಕೂಗಿತು, ನೀವು ಬೆಚ್ಚಿ ಹಿಂದಿರುಗಿ ನೋಡುವಷ್ಟರಲ್ಲಿ ಇನ್ನೊಂದು 5 ಸೆಕೆಂಡ್ ಹೋಯಿತು ಎಂದರೆ ಮಗು 40 ಮೀಟರ್ ಹಿಂದೆ ಉಳಿದಾಯಿತು. 15 ನಾಟ್ ವೇಗವಿದ್ದರೆ ಅದೇ 13 ಸೆಕೆಂಡಿಗೆ 100 ಮೀಟರ್. ಅರ್ಧ ಮೀಟರ್ ಅಲೆ ಎದ್ದಿದ್ದರೂ ಸಾಕು, 100 ಮೀಟರ್ ದೂರದ ಪುಟ್ಟ ತಲೆ ಅಲೆಯ ಮರೆಗೆ ಹೋಗುತ್ತ, ಮತ್ತೆ ಕ್ಷಣಮಾತ್ರ ಕಾಣುತ್ತ ಇರುತ್ತದೆ. ಆದ್ದರಿಂದ ಯಾವ ಅಲಾರಮ್ಮಿಗೂ ಕೇಳಬೇಕಾದ ಪ್ರಶ್ನೆ ಇದು: ಬಿದ್ದ ಎಷ್ಟು ಸೆಕೆಂಡಿಗೆ ಕೂಗುತ್ತದೆ? ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿ ಇದಕ್ಕೆ ಪೂರ್ತಿ ಉತ್ತರವಲ್ಲ. ನಿಮ್ಮ ಮಗು ತೊಡುವ ಜಾಕೆಟ್ಟಿನ ಮೇಲೆ, ನಿಮ್ಮ ದೋಣಿಯಲ್ಲಿ, ನೀವೇ ಗಡಿಯಾರ ಹಿಡಿದು ಅಳೆಯಬೇಕು. ಅಳೆಯುವ ಬಗೆಯನ್ನು ಮುಂದೆ ಹೇಳಿದ್ದೇವೆ.

ಬಿದ್ದರೆ ಮಗು ಕಿರುಚುತ್ತದೆ, ನಮಗೆ ಕೇಳಿಸುತ್ತದೆ ಎಂದು ಹಲವರು ನಂಬಿರುತ್ತಾರೆ. ಮುಳುಗುತ್ತಿರುವವರಿಗೆ ಉಸಿರು ಎಳೆದುಕೊಳ್ಳುವುದೇ ಕಷ್ಟ, ಕೂಗಲು ಗಾಳಿ ಎಲ್ಲಿಂದ ಬರಬೇಕು? ಅಮೆರಿಕದ ಜೀವರಕ್ಷಕ ಫ್ರಾಂಕ್ ಪಿಯಾ ಮುಳುಗುವವರ ವರ್ತನೆಯನ್ನು ಚಿತ್ರೀಕರಿಸಿ ವಿವರಿಸಿದಂತೆ, ಅವರು ಕೈ ಬೀಸುವುದೂ ಇಲ್ಲ. ಕೈಗಳು ಎರಡೂ ಪಕ್ಕದಲ್ಲಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗುತ್ತಿರುತ್ತದೆ. ಇದು 20ರಿಂದ 60 ಸೆಕೆಂಡ್ ನಡೆದು, ಆಮೇಲೆ ಮುಳುಗಡೆ. ಔಟ್‌ಬೋರ್ಡ್ ಸದ್ದಿನಲ್ಲಿ ನಿಮಗೆ ಏನೂ ಕೇಳುವುದಿಲ್ಲ. ಅಲಾರಂ ಬೇಕೆನ್ನುವುದು ಇದಕ್ಕಾಗಿಯೇ.

ಆದರೆ ಅಲಾರಂ ಸುದ್ದಿ ಮುಟ್ಟಿಸುತ್ತದೆಯೇ ಹೊರತು ಮಗುವನ್ನು ತೇಲಿಸುವುದಿಲ್ಲ. ನೀವು ತಿರುಗಿ ಬರುವ ತನಕ ಮಗುವಿನ ಮೂಗು-ಬಾಯಿ ನೀರಿನ ಮೇಲೆ ಇರುವಂತೆ ನೋಡಿಕೊಳ್ಳುವುದು ಲೈಫ್ ಜಾಕೆಟ್. ಜಾಕೆಟ್ಟಿನ ತೇಲಿಸುವ ಬಲವನ್ನು ನ್ಯೂಟನ್‌ನಲ್ಲಿ ಅಳೆಯುತ್ತಾರೆ. ಈಜು ಬಾರದ ಮಕ್ಕಳಿಗೆ 50 ನ್ಯೂಟನ್‌ನ ತೇಲುಸಾಧನ ಸಾಲದು. ಅದು ಈಜು ಬಲ್ಲವರಿಗೆ ಆಸರೆ ಅಷ್ಟೆ. ಮಗು ಮುಖ ಅಡಿಯಾಗಿ ಬಿದ್ದರೂ ಅಂಗಾತ ತಿರುಗಿಸಲೆಂದು, ಕತ್ತಿನ ಹಿಂದೆ ತಲೆಗೆ ಆಸರೆ ಕೊಡಲೆಂದು ಮಾಡಿದ 100 ನ್ಯೂಟನ್ ದರ್ಜೆಯದು ಬೇಕು. ಒಳಗಿನ ಚೀಟಿಯಲ್ಲಿ ಐಎಸ್‌ಒ 12402-4 ಎಂದಿರುತ್ತದೆ. ಅಳತೆ ಮಗುವಿನ ತೂಕಕ್ಕೆ ಹೊಂದಬೇಕು. ಬೆಳೆಯಲಿ ಎಂದು ಒಂದು ಅಳತೆ ದೊಡ್ಡದು ತರುವುದು ಜಾಕೆಟ್ ವಿಷಯದಲ್ಲಿ ಅಪಾಯಕಾರಿ. ತೊಡಿಸಿ, ಭುಜದ ಪಟ್ಟಿಗಳನ್ನು ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಗಲ್ಲ ದಾಟಿ ಕಿವಿಯ ತನಕ ಬಂದರೆ ಅದು ನೀರಿನಲ್ಲಿ ತಲೆಯಿಂದ ಕಳಚಿಕೊಳ್ಳುತ್ತದೆ. ಕಾಲುಗಳ ನಡುವೆ ಹಾಯುವ ಪಟ್ಟಿಯನ್ನು ಮಕ್ಕಳು ಕಿರಿಕಿರಿ ಎಂದು ಬಿಚ್ಚಿಬಿಡುತ್ತಾರೆ, ದೊಡ್ಡವರೂ ಸುಮ್ಮನಾಗುತ್ತಾರೆ. ಆ ಪಟ್ಟಿ ಬಿಗಿಯಾಗಿರಲೇಬೇಕು. ಅಲಾರಂ ಕೆಲಸ ಮಾಡುವುದಕ್ಕೂ ಅದೇ ಪಟ್ಟಿ ಬೇಕು. ಹೇಗೆಂದು ಈಗ ನೋಡೋಣ.

ಎರಡು ಬಗೆ, ಎರಡು ಕುರುಡುತನ

ದೋಣಿಗೆ ಸಿಗುವ ಅಲಾರಂಗಳು ಮೂಲದಲ್ಲಿ ಎರಡು ಬಗೆಯವು. ಮೊದಲನೆಯದು ನೀರು ತಾಗಿದರೆ ಎಚ್ಚರಗೊಳ್ಳುವಂಥದ್ದು. ಟ್ಯಾಗಿನ ಮೇಲೆ ಎರಡು ಪುಟ್ಟ ಲೋಹದ ಚುಕ್ಕೆಗಳಿರುತ್ತವೆ. ಎರಡರ ನಡುವೆ ನೀರು ಸೇರಿದರೆ ವಿದ್ಯುತ್ ಹರಿದು ಟ್ಯಾಗ್ ಸಂಕೇತ ಕಳಿಸುತ್ತದೆ, ದೋಣಿಯೊಳಗಿನ ರಿಸೀವರ್ ಪೆಟ್ಟಿಗೆ ಕೂಗುತ್ತದೆ. ಎರಡನೆಯದು ಸಂಕೇತ ಕಡಿದರೆ ಎಚ್ಚರಗೊಳ್ಳುವಂಥದ್ದು. ಟ್ಯಾಗ್ ಸದಾ ‘ಇದ್ದೇನೆ, ಇದ್ದೇನೆ’ ಎಂದು ರೇಡಿಯೋದಲ್ಲಿ ಹೇಳುತ್ತಲೇ ಇರುತ್ತದೆ. ಕೆಲವು ಸೆಕೆಂಡ್ ಆ ದನಿ ಬಾರದಿದ್ದರೆ ಪೆಟ್ಟಿಗೆ ಕೂಗುತ್ತದೆ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಬೇಗ ಹೀರಿಬಿಡುತ್ತದೆ. ಟ್ಯಾಗಿನ ಮೇಲೆ ಕೆಲವೇ ಸೆಂಟಿಮೀಟರ್ ಉಪ್ಪುನೀರು ನಿಂತರೂ ದನಿ ಅಡಗುತ್ತದೆ. ಈ ಬಗೆಯ ಸಾಧನ ನಂಬಿಕೊಂಡಿರುವುದು ಅದನ್ನೇ.

ಮೊದಲ ಬಗೆಯ ತೊಡಕು ನೀರಿನಡಿಯಿಂದ ಸಂಕೇತ ಹೊರಬರಬೇಕಾಗಿರುವುದು. ಟ್ಯಾಗ್ ಮೇಲ್ಮೈಗೆ ಹತ್ತಿರವಿದ್ದಾಗಲೇ ಸಂಕೇತ ಹೊರಡಬೇಕು. ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ಇದು ಕಷ್ಟ. ಈಜುಕೊಳಕ್ಕೆಂದು ತಯಾರಾದ ಕೈಪಟ್ಟಿಯನ್ನು ಸಮುದ್ರಕ್ಕೆ ಒಯ್ದರೆ ಮೋಸಹೋಗಬಹುದು. ನೀವು ಉಪ್ಪುನೀರಿನವರಾದ್ದರಿಂದ ಕೈಪಿಡಿಯಲ್ಲಿ ‘ಉಪ್ಪುನೀರಿಗೆ ಸೂಕ್ತ’ ಎಂದು ಸ್ಪಷ್ಟವಾಗಿ ಬರೆದಿರುವುದನ್ನು ಮಾತ್ರ ಕೊಳ್ಳಿ.

ಎರಡನೆಯ ಬಗೆಯ ತೊಡಕನ್ನು ಮಾರುವವರು ಅಷ್ಟಾಗಿ ಹೇಳುವುದಿಲ್ಲ. ಒಳ್ಳೆಯ ಜಾಕೆಟ್ ತೊಟ್ಟ ಮಗು ನೀರಿಗೆ ಬಿದ್ದಾಗ ಏನಾಗುತ್ತದೆ? ಅಂಗಾತ ತೇಲುತ್ತದೆ. ಎದೆ, ಭುಜ, ಕತ್ತು ಎಲ್ಲ ನೀರಿನ ಮೇಲೆ. ಚಂದ ಕಾಣಲೆಂದು, ಕೈಗೆ ಸುಲಭವಾಗಿ ಸಿಗಲೆಂದು ಟ್ಯಾಗನ್ನು ಜಾಕೆಟ್ಟಿನ ಭುಜಕ್ಕೋ ಎದೆಯ ಜಿಪ್ಪಿಗೋ ಸಿಕ್ಕಿಸಿರುತ್ತೀರಿ. ಅದೂ ನೀರಿನ ಮೇಲೆಯೇ ಉಳಿಯುತ್ತದೆ, ಒದ್ದೆಯಾದರೂ ಮುಳುಗುವುದಿಲ್ಲ. ‘ಇದ್ದೇನೆ, ಇದ್ದೇನೆ’ ಎನ್ನುತ್ತಲೇ ಇರುತ್ತದೆ, ಪೆಟ್ಟಿಗೆ ನಂಬುತ್ತಲೇ ಇರುತ್ತದೆ. ದೋಣಿ ಓಡುತ್ತಿದ್ದರೆ ಅಂತರ ಹೆಚ್ಚಿ ಕೊನೆಗೊಮ್ಮೆ ಸಂಕೇತ ಕಡಿಯುತ್ತದೆ, ಅಲಾರಂ ತಡವಾಗಿಯಾದರೂ ಕೂಗುತ್ತದೆ. ಲಂಗರು ಹಾಕಿ ನಿಂತ ದೋಣಿಯ ಪಕ್ಕದಲ್ಲಿ ಮಗು ತೇಲುತ್ತಿದ್ದರೆ ಅದು ಕೂಗದೇ ಇರಬಹುದು. ನೀರು ತಾಗಿದರೆ ಕೂಗುವ ಟ್ಯಾಗನ್ನು ಭುಜಕ್ಕೆ ಹಾಕಿದರೂ ಇದೇ ಗತಿ: ಹನಿ ಸಿಡಿಯುತ್ತದೆ, ಚುಕ್ಕೆಗಳ ನಡುವೆ ನೀರು ನಿಲ್ಲುವುದಿಲ್ಲ.

ಹಾಗಾಗಿ ಟ್ಯಾಗಿನ ಜಾಗ ಜಾಕೆಟ್ಟಿನ ತುತ್ತತುದಿಯ ಕೆಳಪಟ್ಟಿ. ಸೊಂಟ ಸುತ್ತುವ ಬೆಲ್ಟಿನ ಮೇಲೆ, ಮುಂದಲ್ಲ ಹಿಂದಲ್ಲ, ಪಕ್ಕೆಯ ಹತ್ತಿರ. ತೇಲುವಾಗ ಸೊಂಟ ನೀರಿನೊಳಗೆ ಇಳಿದಿರುತ್ತದೆ, ಟ್ಯಾಗೂ ಇಳಿಯುತ್ತದೆ. ಮುಂಭಾಗದಲ್ಲಿ ಹಾಕಿದರೆ ಫೋಮ್ ಅದನ್ನು ಮೇಲಕ್ಕೆ ಎತ್ತಿಬಿಡುತ್ತದೆ. ಬೆನ್ನಿಗೆ ಹಾಕಿದರೆ ಮಗು ಒರಗಿ ಕೂತಾಗ ಒತ್ತುತ್ತದೆ, ಮೈಯ ಅಡ್ಡದಿಂದ ಸುಳ್ಳು ಅಲಾರಂ ಬರುತ್ತದೆ. ಕಾಲ್ಪಟ್ಟಿಯ ಮಾತು ಈಗ ಬಂತು: ಅದು ಸಡಿಲವಿದ್ದರೆ ನೀರಿನಲ್ಲಿ ಜಾಕೆಟ್ ಪೂರ್ತಿ ಮೇಲಕ್ಕೆ ಸರಿಯುತ್ತದೆ, ಜೊತೆಗೆ ಸೊಂಟದ ಬೆಲ್ಟೂ ಅದರ ಮೇಲಿನ ಟ್ಯಾಗೂ ಎದೆಯ ಮಟ್ಟಕ್ಕೆ ಏರುತ್ತವೆ.

ಕೈಪಟ್ಟಿಯ ವಿಷಯ. ನೀರು ತಾಗಿ ಕೂಗುವ ಬಗೆಗೆ ಮಣಿಕಟ್ಟು ಒಳ್ಳೆಯ ಜಾಗವೇ, ಏಕೆಂದರೆ ಬಿದ್ದವರ ಕೈ ಮೊದಲ ಸೆಕೆಂಡಿನಲ್ಲೇ ಮುಳುಗುತ್ತದೆ, ಒಮ್ಮೆ ಎಚ್ಚರವಾದ ಟ್ಯಾಗ್ ಮತ್ತೆ ಸುಮ್ಮನಾಗುವುದಿಲ್ಲ. ಸಂಕೇತ ಕಡಿದರೆ ಕೂಗುವ ಬಗೆಗೆ ಮಣಿಕಟ್ಟು ಚೆನ್ನಲ್ಲ. ಬಡಿಯುವ ಕೈ ಆಗಾಗ ನೀರಿನಿಂದ ಹೊರಗೆ ಬರುತ್ತದೆ, ಬಂದಾಗಲೆಲ್ಲ ಒಂದು ಸಂಕೇತ ಪೆಟ್ಟಿಗೆಗೆ ತಲುಪಿ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಸಣ್ಣ ಮಕ್ಕಳ ಕೈಪಟ್ಟಿಗೆ ಅವರೇ ಬಿಚ್ಚಲಾಗದ ಬೀಗದ ಕೊಂಡಿ ಇರಲಿ.

ನಿಮ್ಮ ಮನೆಮಂದಿಗೆ ನಮ್ಮ ಆಯ್ಕೆ ಹೀಗೆ. ದೋಣಿ ನಡೆಸುವವರಿಗೆ ಸಂಕೇತ ಕಡಿದರೆ ಎಂಜಿನ್ ನಿಲ್ಲಿಸುವ ಟ್ಯಾಗ್. ಮಕ್ಕಳಿಬ್ಬರಿಗೂ ಅದೇ ಪೆಟ್ಟಿಗೆಗೆ ಸೇರುವ ಟ್ಯಾಗ್, ಸೊಂಟದ ಬೆಲ್ಟಿನ ಪಕ್ಕೆಯಲ್ಲಿ. ನೀರು ತಾಗುವುದು, ಸಂಕೇತ ಕಡಿಯುವುದು, ಎರಡಕ್ಕೂ ಸ್ಪಂದಿಸುವ ಟ್ಯಾಗ್ ಸಿಕ್ಕಿದರೆ ಅದನ್ನೇ ಕೊಳ್ಳಿ. ಲಂಗರು ಹಾಕಿ ನಿಂತಾಗ ಅದರಿಂದ ದೊಡ್ಡ ಅನುಕೂಲ. ಒಂದು ಪೆಟ್ಟಿಗೆ ಎಷ್ಟು ಟ್ಯಾಗುಗಳನ್ನು ನೋಡಿಕೊಳ್ಳಬಲ್ಲದು ಎಂಬುದನ್ನೂ ಕೇಳಿ. ನಿಮಗೆ ನಾಯಿ ಸೇರಿ 5 ಬೇಕು, ಮಕ್ಕಳ ಗೆಳೆಯರು ಬಂದರೆ ಇನ್ನೂ ಒಂದೆರಡು.

ನಾಯಿಗೆ

ಟ್ಯಾಗ್ ಅದೇ ಆಗುತ್ತದೆ, ಜಾಗ ಬೇರೆ. ಕೊರಳಪಟ್ಟಿ ಸುತ್ತಿ ಸುತ್ತಿ ಟ್ಯಾಗ್ ಹೆಕ್ಕತ್ತಿಗೆ ಬಂದು ನಿಲ್ಲುತ್ತದೆ. ಈಜುವ ನಾಯಿಯ ಹೆಕ್ಕತ್ತು ಒಣಗಿಯೇ ಇರುತ್ತದೆ. ಗಂಟಲಿನ ಕೆಳಗೆ ತೂಗಿದರೆ ಮುಳುಗುತ್ತದೆ ನಿಜ, ಆದರೆ ನೀರಿನ ಬಟ್ಟಲಿಗೆ ಬಾಯಿ ಹಾಕಿದಾಗಲೂ ಮುಳುಗುತ್ತದೆ, ಅಲಾರಂ ಹೊಡೆದುಕೊಳ್ಳುತ್ತದೆ. ಹೊಟ್ಟೆಯಡಿಯ ಪಟ್ಟಿಗೆ ಹಾಕಿದರೆ ನಾಯಿ ಮಲಗಿದಾಗ ಟ್ಯಾಗ್ ಅದರ ಮೈಕೆಳಗೆ ಸಿಕ್ಕಿ ಸಂಕೇತ ಅಡಗುತ್ತದೆ. ನಾಯಿಯ ಲೈಫ್ ಜಾಕೆಟ್ಟಿನಲ್ಲಿ ಎರಡು ಮುಂಗಾಲುಗಳ ನಡುವೆ, ಎದೆಮೂಳೆಯ ಮೇಲೆ ಹಾಯುವ ಪಟ್ಟಿ ಇರುತ್ತದಲ್ಲ, ಅದರ ಮುಂತುದಿ ಸರಿಯಾದ ಜಾಗ. ಮಲಗಿದಾಗ ಅದು ಪೂರ್ತಿ ಒತ್ತಿಹೋಗುವುದಿಲ್ಲ, ಈಜುವಾಗ ನೀರಿನ ಕೆಳಗೇ ಇರುತ್ತದೆ. ಜಾಕೆಟ್ಟಿನ ಬೆನ್ನಿನ ಮೇಲೆ ಗಟ್ಟಿ ಹಿಡಿ ಹೊಲಿದಿರಬೇಕು. 18 ಕಿಲೋ ನಾಯಿ, ತೊಯ್ದ ಕೂದಲು, ಜಾಕೆಟ್ಟಿನ ನೀರು ಎಲ್ಲ ಸೇರಿದ ಭಾರವನ್ನು ಆ ಹಿಡಿಯಿಂದಲೇ ಎತ್ತಬೇಕಾಗುತ್ತದೆ. ನಾಯಿಯನ್ನು ಕೊರಳಪಟ್ಟಿಗೆ ಹಗ್ಗ ಕಟ್ಟಿ ದೋಣಿಗೆ ಬಿಗಿಯಬೇಡಿ. ಅಂಚು ದಾಟಿ ಬಿದ್ದರೆ ಕತ್ತಿಗೆ ಉರುಳಾಗುತ್ತದೆ.

ಬೆಕ್ಕು ಸಾಕುವ ಓದುಗರಿಗೆ ಒಂದು ಮಾತು: ಬೆಕ್ಕಿನ ಕೊರಳಪಟ್ಟಿಗಳು ಎಳೆತಕ್ಕೆ ತಾನಾಗಿ ಬಿಚ್ಚಿಕೊಳ್ಳುವಂತೆ ಇರುತ್ತವೆ, ಇರಲೂಬೇಕು. ಆದರೆ ಬಿಚ್ಚಿದರೆ ಟ್ಯಾಗ್ ಡೆಕ್ಕಿನ ಮೇಲೇ ಉಳಿದು ಎಲ್ಲವೂ ಕ್ಷೇಮ ಎನ್ನುತ್ತದೆ. ಮೈಗೆ ತೊಡಿಸುವ ಪಟ್ಟಿಗೆ ಟ್ಯಾಗ್ ಹಾಕಿ. ರಾತ್ರಿ ಹಿಂಬದಿಯಿಂದ ನೀರಿಗೆ ಮುಟ್ಟುವಂತೆ ದಪ್ಪ ಹಗ್ಗದ ಬಲೆಯನ್ನೋ ಹಳೆಯ ಜಮಖಾನೆಯ ತುಂಡನ್ನೋ ಇಳಿಬಿಡಿ. ನುಣ್ಣನೆಯ ಫೈಬರನ್ನು ಉಗುರು ಹಿಡಿಯುವುದಿಲ್ಲ, ಅದನ್ನು ಹಿಡಿಯುತ್ತದೆ.

ಮೊಬೈಲ್ ಆ್ಯಪ್ ಒಂದನ್ನೇ ನಂಬುವುದು ಬೇಡ. ಫೋನು ಸೈಲೆಂಟ್ ಆಗಿರುತ್ತದೆ, ಬ್ಯಾಟರಿ ಉಳಿಸಲು ಆ್ಯಪನ್ನು ತಾನೇ ಮಲಗಿಸಿಬಿಟ್ಟಿರುತ್ತದೆ, ಅಥವಾ ಬಿದ್ದವರ ಜೇಬಿನಲ್ಲೇ ಇರುತ್ತದೆ. ದೋಣಿಗೆ ಬಿಗಿದ ಪೆಟ್ಟಿಗೆಯ ಜೊತೆ ಎರಡನೆಯ ಕಿವಿಯಾಗಿ ಫೋನಿದ್ದರೆ ಒಳ್ಳೆಯದು. ಬೀಗದಕೈ ಹುಡುಕುವ ಟ್ಯಾಗುಗಳಂತೂ ಈ ಕೆಲಸಕ್ಕಲ್ಲ. ದೂರವಾದ ಸುದ್ದಿ ತಿಳಿಸಲು ಅವು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತವೆ.

ಎಂಜಿನ್ ನಿಲ್ಲಬೇಕೇ?

ನಡೆಸುವವರು ಬಿದ್ದರೆ ನಿಲ್ಲಲೇಬೇಕು. ಚಾಲಕರಿಲ್ಲದ ದೋಣಿ ವೃತ್ತ ಹೊಡೆದು ಬಿದ್ದವರ ಮೇಲೇ ಬರಬಹುದು, ಪ್ರೊಪೆಲ್ಲರ್ ಬಾಯಿಗೆ ಸಿಕ್ಕರೆ ಜಾಕೆಟ್ ಕಾಪಾಡುವುದಿಲ್ಲ. ಮಕ್ಕಳ ಮತ್ತು ನಾಯಿಯ ಟ್ಯಾಗುಗಳನ್ನು ಮಾತ್ರ ಕೂಗುವುದಕ್ಕಷ್ಟೇ ಹೊಂದಿಸಿ. 20 ನಾಟ್ ವೇಗದಲ್ಲಿ ಒಂದು ಸುಳ್ಳು ಅಲಾರಮ್ಮಿಗೆ ಎಂಜಿನ್ ತಟ್ಟನೆ ಸತ್ತರೆ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ, ನಿಂತಿದ್ದ ಮಗು ನಿಜವಾಗಿಯೂ ಬೀಳುತ್ತದೆ, ದೋಣಿಯದೇ ಹಿಂದಿನ ಅಲೆ ಹಿಂಬದಿಯಿಂದ ಒಳನುಗ್ಗಬಹುದು. ಹೆಚ್ಚಿನ ಪೆಟ್ಟಿಗೆಗಳಲ್ಲಿ ‘ಚಾಲಕ’, ‘ಪ್ರಯಾಣಿಕ’ ಎಂದು ಟ್ಯಾಗುಗಳನ್ನು ಬೇರ್ಪಡಿಸುವ ಅವಕಾಶವಿದೆ. ಇಬ್ಬರಲ್ಲಿ ಯಾರು ಸ್ಟೀರಿಂಗ್ ಹಿಡಿದರೂ ಚಾಲಕರ ಟ್ಯಾಗ್ ಅವರ ಮೈಮೇಲಿರಬೇಕು, ಕೈ ಬದಲಾದಾಗ ಟ್ಯಾಗೂ ಬದಲಾಗಬೇಕು.

ಪೆಟ್ಟಿಗೆಯನ್ನು ದೋಣಿಯ ನಡುಭಾಗದಲ್ಲಿ, ಆದಷ್ಟು ಎತ್ತರದಲ್ಲಿ ಬಿಗಿಯಿರಿ. ಫೈಬರ್ ಗೋಡೆಯನ್ನು ರೇಡಿಯೋ ಅಲೆ ಹಾಯುತ್ತದೆ. ಅಲ್ಯೂಮಿನಿಯಂ, ಉಕ್ಕು, ಕಾರ್ಬನ್ ಫೈಬರ್, ತುಂಬಿದ ನೀರಿನ ಟ್ಯಾಂಕು ಇವು ತಡೆಯುತ್ತವೆ. ಪೂರ್ತಿ ಬಿಗಿಯುವ ಮುಂಚೆ ಅಂಟುಪಟ್ಟಿಯಲ್ಲಿ ತಾತ್ಕಾಲಿಕವಾಗಿ ಹಚ್ಚಿ, ಟ್ಯಾಗನ್ನು ಸೊಂಟಕ್ಕೆ ಕಟ್ಟಿಕೊಂಡು ಮೂಲೆಮೂಲೆಗೂ ಹೋಗಿ ಕೂತು ಬನ್ನಿ. ಕ್ಯಾಬಿನ್ನಿನ ತುದಿಯ ಹಾಸಿಗೆ, ಶೌಚದ ಮೂಲೆ, ಎಂಜಿನ್ ಪಕ್ಕ, ಹೀಗೆ ಒಂದೊಂದು ಕಡೆಯೂ ಒಂದು ನಿಮಿಷ, ಪೆಟ್ಟಿಗೆಗೆ ಬೆನ್ನು ಮಾಡಿ. ಎಲ್ಲಾದರೂ ಸುಳ್ಳು ಕೂಗು ಬಂದರೆ ಪೆಟ್ಟಿಗೆಯನ್ನು ಅರ್ಧ ಮೀಟರ್ ಸರಿಸಿ ಮತ್ತೆ ನೋಡಿ. ಈ ಅರ್ಧ ದಿನದ ಕೆಲಸವನ್ನು ಬಿಟ್ಟವರು ತಿಂಗಳೊಳಗೆ ಸುಳ್ಳು ಕೂಗಿಗೆ ಬೇಸತ್ತು ಅಲಾರಂ ಆರಿಸಿಬಿಡುತ್ತಾರೆ.

ಪೆಟ್ಟಿಗೆಯ ಸ್ವಂತ ಗುಂಯ್‌ಗುಡುವಿಕೆ ಓಡುವ ದೋಣಿಯಲ್ಲಿ ಸಾಲದು. ಸ್ಟೀರಿಂಗ್ ಹತ್ತಿರ ಎಂಜಿನ್-ಗಾಳಿಯ ಸದ್ದು 85 ಡೆಸಿಬಲ್ ಮುಟ್ಟುವುದುಂಟು. ಅದಕ್ಕಿಂತ ಕಡೇಪಕ್ಷ 10 ಡೆಸಿಬಲ್ ಮೇಲಿರಬೇಕು. 12 ವೋಲ್ಟಿನ, 1 ಮೀಟರ್ ದೂರಕ್ಕೆ 110 ಡೆಸಿಬಲ್ ಕೊಡುವ ಹೊರಸೈರನ್ ಹಾಕಿ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ, ಅಂದರೆ 4 ಮೀಟರಿಗೆ 98. ನಿಮ್ಮ ದೋಣಿಗೆ ಅದು ಸಾಕು. ಕ್ಯಾಬಿನ್ ಒಳಗೆ, ಮಲಗುವವರ ತಲೆಯ ಕಡೆ, ಸಣ್ಣದೊಂದು ಬಝರ್ ಬೇರೆಯೇ ಇರಲಿ. ಪೆಟ್ಟಿಗೆಯ ಔಟ್‌ಪುಟ್ ಸೈರನ್ನಿನ ಕರೆಂಟ್ ತಾಳದಿದ್ದರೆ ನಡುವೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ ಬೇಕು. ಇಷ್ಟನ್ನೂ ಎಂಜಿನ್ ಕೀಲಿಯ ಲೈನಿಗೆ ಸೇರಿಸಬಾರದು. ಕೀಲಿ ತೆಗೆದ ರಾತ್ರಿಯಲ್ಲೇ, ಲಂಗರಿನ ಮೇಲೇ, ಅಲಾರಂ ಹೆಚ್ಚು ಬೇಕಾಗುವುದು. ಬ್ಯಾಟರಿಯಿಂದ ನೇರವಾಗಿ, ಕೈಪಿಡಿ ಹೇಳಿದ ಫ್ಯೂಸ್ ಹಾಕಿ, ತವರ ಲೇಪದ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆಯಿರಿ. ಪೆಟ್ಟಿಗೆ 50 ಮಿಲಿಆಂಪ್ ಎಳೆದರೂ ದಿನಕ್ಕೆ 1.2 ಆಂಪ್-ಅವರ್ ಅಷ್ಟೆ. ಬ್ಯಾಟರಿ ಖಾಲಿಯಾಗುವ ಭಯ ಬೇಡ.

ಅಳೆಯುವ ಬಗೆ

20 ಲೀಟರ್ ಪ್ಲಾಸ್ಟಿಕ್ ಕ್ಯಾನಿಗೆ ಸಿಹಿನೀರು ತುಂಬಿ, ಮುಚ್ಚಳ ಬಿಗಿದು, ಅದಕ್ಕೆ ಮಗನ ಜಾಕೆಟ್ ತೊಡಿಸಿ. ಕಾಲ್ಪಟ್ಟಿಯನ್ನು ಕ್ಯಾನಿನ ಅಡಿಯಿಂದ ಹಾಯಿಸಿ ಬಿಗಿಯಿರಿ, ಟ್ಯಾಗನ್ನು ಅದರ ಜಾಗದಲ್ಲೇ ಹಾಕಿ. ತುಂಬಿದ ಕ್ಯಾನ್ ಹೆಚ್ಚುಕಡಿಮೆ ನೀರಿನಷ್ಟೇ ಭಾರ, ಮೈಯ ಹಾಗೆಯೇ ವರ್ತಿಸುತ್ತದೆ. ಉದ್ದನೆಯ ತೇಲುಹಗ್ಗ ಕಟ್ಟಿ, ದೋಣಿ ನಿಂತಿರುವಾಗ ಪಕ್ಕದಲ್ಲೇ ನೀರಿಗೆ ಬಿಡಿ. ಬಿಟ್ಟ ಕ್ಷಣದಿಂದ ಸೈರನ್ ಕೂಗುವ ತನಕ ಸ್ಟಾಪ್‌ವಾಚ್. ಎರಡೂ ಪಕ್ಕ, ಹಿಂಬದಿ, ಮೂತಿ, ಒಂದೊಂದರಲ್ಲೂ ಮೂರು ಸಲ ಮಾಡಿ ಬರೆದಿಡಿ. ಆಮೇಲೆ ಹಗ್ಗ ಬಿಚ್ಚಿ, ಬೇರೆ ದೋಣಿಗಳಿಲ್ಲದ ಕಡೆ 5-6 ನಾಟ್ ವೇಗದಲ್ಲಿ ಹೋಗುತ್ತ ಬಿಡಿ. 10 ಸೆಕೆಂಡಿನೊಳಗೆ ಕೂಗಿದರೆ ಒಪ್ಪಬಹುದು. 15 ದಾಟಿದರೆ, ಅಥವಾ ಮೂರರಲ್ಲಿ ಒಂದು ಸಲ ಕೂಗದಿದ್ದರೆ, ಟ್ಯಾಗಿನ ಜಾಗ ಬದಲಿಸಿ. ಜಾಗ ಬದಲಿಸಿದರೂ ಸರಿಹೋಗದಿದ್ದರೆ ಆ ಸಾಧನ ನಿಮಗಲ್ಲ.

ಇಷ್ಟಾದ ಮೇಲೆ, ಶಾಂತವಾದ ಆಳವಿಲ್ಲದ ನೀರಿನಲ್ಲಿ ನೀವೂ ಇಳಿದು, ಮಕ್ಕಳನ್ನು ಜಾಕೆಟ್ಟಿನಲ್ಲಿ ತೇಲಿಸಿ ನೋಡಿ. ಟ್ಯಾಗ್ ನಿಜವಾಗಿ ಮುಳುಗುತ್ತದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಜಾಕೆಟ್ ತಮ್ಮನ್ನು ಅಂಗಾತ ತಿರುಗಿಸುವ ಅನುಭವವೂ ಮಕ್ಕಳಿಗೆ ಮೊದಲೇ ಆಗಿರಬೇಕು. ಇಲ್ಲದಿದ್ದರೆ ನಿಜವಾಗಿ ಬಿದ್ದಾಗ ಹೆದರಿ ಅದರ ವಿರುದ್ಧವೇ ಹೆಣಗುತ್ತಾರೆ.

ಕೈಕೊಡುವುದು ಎಲ್ಲಿ?

ಯಂತ್ರ ಕೆಡುವುದಕ್ಕಿಂತ ಹೆಚ್ಚಾಗಿ ಮನುಷ್ಯ ಮರೆಯುವುದರಿಂದ. ಈಜಲು ಇಳಿಯುವಾಗ ಅಲಾರಂ ತಡೆಹಿಡಿಯುತ್ತೀರಿ. ಮೇಲೆ ಬಂದು ಮೈ ಒರೆಸಿ, ಊಟ ಮಾಡಿ, ಲಂಗರು ಎತ್ತಿ ಹೊರಡುತ್ತೀರಿ. ಅಲಾರಂ ಇನ್ನೂ ತಡೆಹಿಡಿದೇ ಇರುತ್ತದೆ. ತಾನಾಗಿ ಮತ್ತೆ ಚಾಲೂ ಆಗುವ ಅಥವಾ ಆಗಾಗ ಬೀಪ್ ಮಾಡಿ ನೆನಪಿಸುವ ಪೆಟ್ಟಿಗೆ ಇದಕ್ಕೇ ಬೇಕು. ಕ್ಯಾಬಿನ್ ಬಾಗಿಲ ಪಕ್ಕದಲ್ಲಿ ಎಷ್ಟು ಟ್ಯಾಗೋ ಅಷ್ಟು ಕೊಕ್ಕೆಗಳಿರುವ ಹಲಗೆಯೊಂದನ್ನು ಬಿಗಿದು, ಒಂದೊಂದರ ಮೇಲೂ ಹೆಸರು ಬರೆಯಿರಿ. ಕೊಕ್ಕೆಯಲ್ಲಿ ಟ್ಯಾಗ್ ತೂಗುತ್ತಿದ್ದರೆ ಅದು ಮೈಮೇಲಿಲ್ಲ ಎಂದು ನೋಡಿದೊಡನೆ ತಿಳಿಯುತ್ತದೆ. ಐದೂ ಕೊಕ್ಕೆ ಖಾಲಿಯಾಗದೆ ಎಂಜಿನ್ ಚಾಲೂ ಮಾಡಬೇಡಿ.

ಯಂತ್ರದ ಕಡೆ ಮೊದಲ ಶತ್ರು ಉಪ್ಪು. ನೀರು ತಾಗಿ ಕೂಗುವ ಟ್ಯಾಗನ್ನು ಹಾಗೇ ಒಣಗಲು ಬಿಟ್ಟರೆ ಎರಡು ಚುಕ್ಕೆಗಳ ನಡುವೆ ಬಿಳಿ ಪೊರೆ ಕಟ್ಟುತ್ತದೆ. ಬೆಳಗಿನ ಇಬ್ಬನಿಗೆ ಆ ಪೊರೆ ತೇವವಾದರೆ ಸಾಕು, ಒಣ ಡೆಕ್ಕಿನ ಮೇಲೇ ಟ್ಯಾಗ್ ಕೂಗತೊಡಗುತ್ತದೆ. ಅದನ್ನು ಚಾಕುವಿನಿಂದ ಕೆರೆಯಬೇಡಿ, ಲೇಪ ಹೋಗಿ ಚುಕ್ಕೆ ತುಕ್ಕು ಹಿಡಿಯುತ್ತದೆ. ಪ್ರತಿ ಸಂಜೆ ಸಿಹಿನೀರಿನಲ್ಲಿ ತೊಳೆದು, ಮೆದು ಹಲ್ಲುಜ್ಜುವ ಬ್ರಷ್ಷಿನಿಂದ ಎರಡು ಸಲ ಸವರಿ, ಬಟ್ಟೆಯಲ್ಲಿ ಒರೆಸಿ. ಮಕ್ಕಳಿಗೆ ಹಚ್ಚುವ ಬಿಸಿಲಿನ ಕ್ರೀಮೂ ಚುಕ್ಕೆಗಳ ಮೇಲೆ ಜಿಡ್ಡಾಗಿ ಕೂತು ನೀರನ್ನು ದೂರವಿಡುತ್ತದೆ. ಅದಕ್ಕೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಸಾಕು.

ಬ್ಯಾಟರಿ ಬದಲಿಸುವ ಟ್ಯಾಗಾದರೆ ಮುಚ್ಚಳದ ರಬ್ಬರ್ ಬಳೆಗೆ ಕೂದಲೋ ಮರಳಿನ ಕಣವೋ ಅಂಟಿಲ್ಲವೆಂದು ನೋಡಿ, ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ ಮುಚ್ಚಿ. ಚಳಿಯಲ್ಲಿ ಬಟನ್ ಸೆಲ್ಲಿನ ಕಸುವು ಕುಗ್ಗುತ್ತದೆ, ಪ್ರತಿ ಋತುವಿನ ಆರಂಭದಲ್ಲಿ ಹೊಸದು ಹಾಕಿಬಿಡಿ. ಹಳೆಯ ಸೆಲ್ಲನ್ನು ಡೆಕ್ಕಿನ ಮೇಲೆ ಬಿಡಬೇಡಿ. ಮಗು ನುಂಗಿದರೆ ಅನ್ನನಾಳ ಎರಡೇ ಗಂಟೆಯಲ್ಲಿ ಸುಡುವಷ್ಟು ಅಪಾಯ. ಮುಚ್ಚಳ ಸ್ಕ್ರೂ ಇರುವಂಥದ್ದೇ ಇರಲಿ. ನಾಯಿ ಕಚ್ಚಿ ಟ್ಯಾಗ್ ಒಡೆದರೂ ಇದೇ ಭಯ.

ಸಮುದ್ರದಲ್ಲಿ ದಡ ಕಾಣದಷ್ಟು ದೂರ ಹೋಗುವವರಾದರೆ ಎಐಎಸ್ ಬೀಕನ್ನೂ ಬೇಕು. ಅದು ಬಿದ್ದವರ ಜಾಗವನ್ನು ನಿಮ್ಮ ಪ್ಲಾಟರ್ (ದೋಣಿಯ ನಕ್ಷೆಯಂತ್ರ) ಪರದೆಯ ಮೇಲೂ ಹತ್ತಿರದ ಹಡಗುಗಳ ಪರದೆಯ ಮೇಲೂ ತೋರಿಸುತ್ತದೆ. ಹೆಚ್ಚಿನವು ಗಾಳಿ ತುಂಬಿ ಉಬ್ಬುವ ಜಾಕೆಟ್ಟಿನ ಎಳೆತದಿಂದ ಚಾಲೂ ಆಗುವಂಥವು. ನಿಮ್ಮ ಮಕ್ಕಳ ಫೋಮ್ ಜಾಕೆಟ್ ಉಬ್ಬುವುದಿಲ್ಲವಾದ್ದರಿಂದ ನೀರು ತಾಗಿ ಚಾಲೂ ಆಗುವುದನ್ನೇ ಕೇಳಿ. ಉಪಗ್ರಹಕ್ಕೆ 406 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ ಪಿಎಲ್‌ಬಿ, ಅಂದರೆ ಒಬ್ಬೊಬ್ಬರು ಇಟ್ಟುಕೊಳ್ಳುವ ತುರ್ತು ಬೀಕನ್, ದೊಡ್ಡವರ ಜೇಬಿನಲ್ಲಿರಲಿ. ಅದನ್ನು ಕೈಯಿಂದ ಬಿಚ್ಚಿ ಚಾಲೂ ಮಾಡಬೇಕು, 4 ವರ್ಷದ ಮಗುವಿನಿಂದ ಆಗದು. ಪಿಎಲ್‌ಬಿ ನಾಯಿಗೆ ಕಟ್ಟುವ ವಸ್ತುವೂ ಅಲ್ಲ, ಅದರ ಕರೆಗೆ ಮನುಷ್ಯರನ್ನು ಹುಡುಕುವ ರಕ್ಷಣಾಪಡೆ ಹೊರಡುತ್ತದೆ.

ಕೂಗಿದಾಗ

ಮೊದಲ ಕೂಗಿಗೇ ನಿಜವೆಂದು ನಂಬಿ. ಚಾಲಕರು ಗೇರನ್ನು ನ್ಯೂಟ್ರಲ್‌ಗೆ ತಂದು, ಬಿದ್ದ ಪಕ್ಕ ಕಂಡರೆ ಸ್ಟೀರಿಂಗನ್ನು ಆ ಪಕ್ಕಕ್ಕೇ ತಿರುಗಿಸಬೇಕು. ಆಗ ದೋಣಿಯ ಹಿಂಬದಿಯೂ ಪ್ರೊಪೆಲ್ಲರೂ ಆಚೆಗೆ ಸರಿಯುತ್ತವೆ. ಇನ್ನೊಬ್ಬರು ಗಟ್ಟಿಯಾಗಿ ತಲೆ ಎಣಿಸುತ್ತ ತೇಲುಬಳೆ ಎಸೆಯಲಿ, ಬಿದ್ದವರು ಕಂಡೊಡನೆ ಬೆರಳು ತೋರಿಸಿ ನಿಲ್ಲಲಿ, ಆ ಬೆರಳನ್ನೂ ಕಣ್ಣನ್ನೂ ಮತ್ತೆ ತೆಗೆಯಬಾರದು. ಉಳಿದ ಮಗು ಕೂತಲ್ಲೇ ಕೂರಬೇಕು. ಇದನ್ನು ಮೊದಲೇ ಹೇಳಿ ಅಭ್ಯಾಸ ಮಾಡಿಸಿ. ಜಿಪಿಎಸ್‌ನ ಎಂಓಬಿ (‘ಮ್ಯಾನ್ ಓವರ್‌ಬೋರ್ಡ್’, ನೀರಿಗೆ ಬಿದ್ದವರ ಜಾಗ ಗುರುತಿಸುವ) ಗುಂಡಿ ಒತ್ತಿ, ಆದರೆ ಒಂದು ಎಚ್ಚರ: ಅದು ಗುರುತು ಹಾಕುವುದು ನೀವು ಒತ್ತಿದ ಜಾಗವನ್ನು, ಮಗು ಬಿದ್ದ ಜಾಗವನ್ನಲ್ಲ. ಅಲಾರಂ ತಡವಾದಷ್ಟು ಸೆಕೆಂಡ್ ಹಿಂದಕ್ಕೆ, ಬಂದ ದಾರಿಯ ಗೆರೆಯಲ್ಲೇ ಹುಡುಕಬೇಕು. ಮೇಲೆ ಅಳೆದು ಬರೆದಿಟ್ಟ ಅಂಕಿಯ ಉಪಯೋಗ ಇಲ್ಲೂ ಇದೆ. ಆ ಅಂಕಿಯನ್ನು ಸ್ಟೀರಿಂಗ್ ಪಕ್ಕದಲ್ಲಿ ಅಂಟಿಸಿಡಿ. ಹತ್ತಿರ ಬಂದಾಗ ಎಂಜಿನ್ ಪೂರ್ತಿ ಆರಿಸಿ, ಜಾಕೆಟ್ಟಿನ ಎತ್ತುಪಟ್ಟಿಗೆ ಕೊಕ್ಕೆಗೋಲು ಸಿಕ್ಕಿಸಿ ಎಳೆದುಕೊಳ್ಳಿ. ಮೇಲೆತ್ತಿದ ಮಗು ಉಸಿರಾಡದಿದ್ದರೆ ಎದೆ ಒತ್ತುವುದಷ್ಟೇ ಸಾಲದು, ಮೊದಲು ಬಾಯಿಂದ ಉಸಿರು ಕೊಡಬೇಕು. ಇಬ್ಬರೂ ಇದರ ತರಬೇತಿ ಪಡೆದಿರಿ. ನೀರು ಕುಡಿದು ಕೆಮ್ಮುತ್ತಿದ್ದರೆ, ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಿ.

ಜೆಟ್ಟಿಗೆ ಕಟ್ಟಿದ್ದಾಗಲೂ ಟ್ಯಾಗ್ ಬಿಚ್ಚಬೇಡಿ. ದೋಣಿ ಮತ್ತು ಕಟ್ಟೆಯ ನಡುವಿನ ಸಂದಿಗೆ ಮಕ್ಕಳು ಬೀಳುವುದು ಸುಲಭ. ದಡದ ವಿದ್ಯುತ್ ಎಳೆದುಕೊಂಡ ದೋಣಿಗಳಿರುವ ಸಿಹಿನೀರಿನ ಜೆಟ್ಟಿಯಲ್ಲಿ ಯಾರಾದರೂ ಬಿದ್ದರೆ ಹಿಂದೆಯೇ ಧುಮುಕಬೇಡಿ. ಸೋರಿದ ಕರೆಂಟು ನೀರಿನಲ್ಲಿ ಹರಡಿ ಸ್ನಾಯುಗಳನ್ನು ಮರಗಟ್ಟಿಸುತ್ತದೆ, ಇಬ್ಬರೂ ಮುಳುಗುತ್ತೀರಿ. ಮೊದಲು ದಡದ ಸ್ವಿಚ್ ಆರಿಸಿ, ಕೋಲೋ ತೇಲುಬಳೆಯೋ ಚಾಚಿ.

ನಾಯಿ ಬಿದ್ದಾಗಲೂ ಧುಮುಕಬೇಡಿ. ಜಾಕೆಟ್ ತೊಟ್ಟ ನಾಯಿ ತೇಲುತ್ತಿರುತ್ತದೆ. ಅದನ್ನು ಉಳಿಸಲು ಹಾರಿದವರಿಗೆ ಜಾಕೆಟ್ ಇರುವುದಿಲ್ಲ. ಹೆಸರು ಹಿಡಿದು ಕರೆಯುತ್ತ ದೋಣಿಯ ಹಿಂಬದಿಗೆ ಬರಮಾಡಿಕೊಳ್ಳಿ. ನಾಯಿಗೆ ನೆಟ್ಟಗಿನ ಏಣಿ ಹತ್ತಲಾಗದು. ಇಳಿಜಾರಾದ, ಒರಟು ಮೈಯ ಹಲಗೆಯನ್ನು ತುದಿ ನೀರಿನಡಿಗೆ ಹೋಗುವಂತೆ ಇಳಿಬಿಡಿ, ಎಂಜಿನ್ ಆರಿಸಿರಲಿ. ಆ ಹಲಗೆಯ ಮೇಲೆ ಹತ್ತಿ ಬರುವುದನ್ನು ಮೊದಲು ನೆಲದ ಮೇಲೆ, ಆಮೇಲೆ ದಡದ ಸಣ್ಣ ನೀರಿನಲ್ಲಿ, ಕೊನೆಗೆ ಲಂಗರು ಹಾಕಿದ ದೋಣಿಯಿಂದ ಕಲಿಸಿ. ಸೈರನ್ ಸದ್ದನ್ನೂ ಅದಕ್ಕೆ ಮೊದಲೇ ಕೇಳಿಸಿ ಅಭ್ಯಾಸ ಮಾಡಿಸಿರಿ. ಹೊಸ ಸದ್ದಿಗೆ ಬೆದರಿದ ನಾಯಿ ದೋಣಿಯಿಂದ ದೂರಕ್ಕೆ ಈಜಿಬಿಡುತ್ತದೆ.